ಶುಕ್ರವಾರ ನೋಡಿದ ಮನೆ

ಕಿವಿಗೆ ಹಾಕುವ ಮಷಿನ್ ಜೋಡಿಗೆ ಎಪ್ಪತ್ತೆಂಟು ಸಾವಿರ. ಅದರ ಸೆಲ್ಲಿಗೆ ತಿಂಗಳಿಗೆ ಮುನ್ನೂರು. ಅದನ್ನು ಹಾಕಿಕೊಂಡು ಕೂರಲು ಸದ್ದಿಲ್ಲದ ಒಂದು ಮನೆ ಬೇಕು, ಅದಕ್ಕೆ ನಲವತ್ತೆರಡು ಲಕ್ಷ. ಮಷಿನ್ ಮಾರಿದವರು ಮೊದಲಿನ ಎರಡು ಲೆಕ್ಕ ಹೇಳಿದರು. ಮೂರನೆಯದನ್ನು ನಾವೇ ಕಂಡುಕೊಳ್ಳಬೇಕಾಯಿತು.

ನಮ್ಮವರ ಹೆಸರು ಇಕ್ಬಾಲ. ತಾರಿಹಾಳದಲ್ಲಿ ಒಂದು ಲೇಥು, ಒಂದು ಪವರ್ ಪ್ರೆಸ್ಸು ಇಟ್ಟುಕೊಂಡು ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಆ ಪ್ರೆಸ್ಸು ನಮಗೆ ಅನ್ನ ಕೊಟ್ಟಿತು, ಮಗಳನ್ನು ಓದಿಸಿತು, ಪ್ರತಿಯಾಗಿ ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಂಡಿತು. ಮೊದಲು ಫೋನಿನ ಮಾತು ಹೋಯಿತು, ಆಮೇಲೆ ಬಾಗಿಲ ಗಂಟೆ, ಕೊನೆಗೆ ನಾನು.

ನಾವಿದ್ದದ್ದು ಹುಬ್ಬಳ್ಳಿಯ ಕಮರಿಪೇಟೆಯಲ್ಲಿ. ಎದುರಿಗೆ ಖಾರ ಕುಟ್ಟುವ ಯಂತ್ರ, ಮಗ್ಗುಲಿಗೆ ಹಿಟ್ಟಿನ ಗಿರಣಿ, ನಡುವಿನ ಓಣಿಯಲ್ಲಿ ಇಡೀ ದಿನ ಟಂಟಂ ಗಾಡಿಗಳು. ಕಿವಿಯ ಮಷಿನ್ನಿಗೆ ಗಿರಣಿ ಯಾವುದು, ಹೆಂಡತಿ ಯಾರು ಎಂಬ ಭೇದವಿಲ್ಲ. ಎಲ್ಲವನ್ನೂ ಸಮನಾಗಿ ದೊಡ್ಡದು ಮಾಡಿ ತಲೆಗೆ ಸುರಿಯುತ್ತದೆ. ಹಾಕಿದ ಎರಡನೇ ದಿನವೇ ನಮ್ಮವರು ಅದನ್ನು ತೆಗೆದು ಅಂಗಿಯ ಜೇಬಿನಲ್ಲಿಟ್ಟರು. ಎಪ್ಪತ್ತೆಂಟು ಸಾವಿರ ಜೇಬಿನಲ್ಲಿ ಕುಳಿತಿತು, ನಾನು ಮತ್ತೆ ಕೂಗತೊಡಗಿದೆ.

ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ ಕೊಡುತ್ತೇನೆ. ಸೀರೆ ತಂದವರು ಬಾಗಿಲಲ್ಲಿ ಕುಳಿತು ನಮ್ಮ ಸಂಸಾರವನ್ನು ಪುಕ್ಕಟೆ ಕೇಳಿಕೊಂಡು ಹೋಗುತ್ತಿದ್ದರು. ಎದುರು ಮನೆಯ ಅಖ್ತರಬೇಗಂ ಆಪಾ ಅಂತೂ ನಮ್ಮ ಮನೆಯ ವಿಷಯದಲ್ಲಿ ನನಗೇ ತಪ್ಪು ತಿದ್ದುತ್ತಿದ್ದರು.

"ಸುಲ್ತಾನಾ, ಬಿ.ಪಿ. ಗುಳಿಗಿ ಮುಂಜಾನೆ ಒಂದ ಅಂತ ನಿನ್ನೆ ಕೂಗಿದ್ದಿ. ಇವತ್ತ ಎರಡು ತಗೋರಿ ಅಂತಿ. ಯಾವದು ಖರೇ?"

"ಒಂದು ಬಿ.ಪಿ.ದು, ಒಂದು ಗ್ಯಾಸಿಂದು, ಆಪಾ."

"ಹಂಗ ಬಿಡಿಸಿ ಕೂಗು ಮತ್ತ. ನಾವು ಸುಮ್ನ ಕಾಳಜಿ ಮಾಡ್ಕೋತ ಕೂಡ್ತೇವಿ."

ನಗುತ್ತಿದ್ದೆ. ಆದರೆ ಎಲ್ಲ ಮಾತನ್ನೂ ಕೂಗಲು ಬರುವುದಿಲ್ಲ. ಸಿಟ್ಟನ್ನು ಕೂಗಬಹುದು, ಅಕ್ಕಿ ತೀರಿದೆ ಎಂದು ಕೂಗಬಹುದು. ಮೆಲ್ಲಗೆ ಹೇಳಬೇಕಾದ ಮಾತನ್ನು ಕೂಗಿದರೆ ಅದು ಬೇರೆಯೇ ಮಾತಾಗಿಬಿಡುತ್ತದೆ. ಅಂಥವು ನನ್ನಲ್ಲಿ ಬಹಳ ಕೂಡಿಬಿದ್ದಿದ್ದವು. ಅವರ ಬಳಿಯೂ ಇದ್ದಿರಬೇಕು. ಊಟಕ್ಕೆ ಕುಳಿತಾಗ ನನ್ನ ಮುಖ ನೋಡುವರು, ಏನೋ ಕೇಳಬೇಕೆನ್ನುವರು, ನಾನು ಉತ್ತರವನ್ನು ಮೂರು ಸಲ ಕೂಗಬೇಕಾದೀತೆಂದು ಸುಮ್ಮನಾಗುವರು.

ದಾರಿ ತೋರಿಸಿದವಳು ಮಗಳು ಮುಸ್ಕಾನ್. ವಿದ್ಯಾನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಷಿನ್ ಸರಿಯಿಲ್ಲವೆಂದು ಅಬ್ಬಾನನ್ನು ಮತ್ತೆ ತಪಾಸಣೆಗೆ ಕರೆದುಕೊಂಡು ಹೋದಳು. ಅಲ್ಲಿ ಸದ್ದು ಹೊಗದ ಒಂದು ಸಣ್ಣ ಕೋಣೆ. ಅವರ ಬೆನ್ನ ಹಿಂದೆ ನಿಂತು ಅವಳು ಮೆಲ್ಲಗೆ, "ಅಬ್ಬಾ, ಚಾ ಕುಡಿಯೂಣೇನು?" ಎಂದಳಂತೆ. ಅವರು ತಿರುಗಿ ನೋಡದೆ, "ಸಕ್ಕರಿ ಕಮ್ಮಿ ಹಾಕ್ಸು" ಎಂದರಂತೆ.

ಮನೆಗೆ ಬಂದು ಹೇಳುವಾಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಅಮ್ಮೀ, ಮಷಿನ್ ಛಲೋ ಐತಿ. ಕಿವೀನೂ ಅಷ್ಟ ಕೆಟ್ಟಿಲ್ಲ. ನಮ್ಮ ಓಣಿ ಕೆಟ್ಟೈತಿ."

ಅವತ್ತೇ ನಿರ್ಧಾರವಾಯಿತು. ಕಮರಿಪೇಟೆಯ ಮನೆಯಲ್ಲಿನ ನಮ್ಮ ಪಾಲನ್ನು ನನ್ನ ಮೈದುನ ತೆಗೆದುಕೊಳ್ಳಲು ಯಾವಾಗಿನಿಂದಲೂ ಕೇಳುತ್ತಿದ್ದ. ಅದಕ್ಕೆ ನಮ್ಮ ಉಳಿತಾಯ ಸೇರಿಸಿ, ಮೇಲೆ ಸ್ವಲ್ಪ ಬ್ಯಾಂಕಿನ ಸಾಲ ಎತ್ತಿದರೆ ನಲವತ್ತೈದರವರೆಗೆ ಹೋಗಬಹುದಿತ್ತು. ವರ್ಕ್‌ಶಾಪಿಗೆ ಹತ್ತಿರವಾಗಬೇಕಾದ್ದರಿಂದ ಗೋಕುಲ ರಸ್ತೆಯ ಕಡೆಗೇ ಹುಡುಕಬೇಕು. ಆ ಕಡೆ ಹೋದರೆ ವಿಮಾನ ನಿಲ್ದಾಣ. ಈಗ ವಿಮಾನಗಳೂ ಮೊದಲಿಗಿಂತ ಹೆಚ್ಚಾಗಿವೆ.

ಸುದ್ದಿ ಕೇಳಿ ಆಪಾ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. "ಸಪ್ಪಳ ಬ್ಯಾಡ ಅಂತ ಗಿರಣಿ ಬಿಟ್ಟು ವಿಮಾನದ ಬುಡಕ ಹೊಂಟೀರಿ. ಮಳಿಗೆ ಅಂಜಿ ಬಾವ್ಯಾಗ ಇಳದಂಗಾತು."

ಅದಕ್ಕೇ ನಾವು ವಿಮಾನವೊಂದನ್ನೇ ಶತ್ರು ಎಂದುಕೊಂಡೆವು. ದಲ್ಲಾಳಿ ಗುರುಶಿದ್ದಪ್ಪನಿಗೆ ಮೊದಲೇ ಹೇಳಿದೆವು: ಮನೆ ಸಣ್ಣದಿದ್ದರೂ ಸರಿ, ಹಳೆಯದಿದ್ದರೂ ಸರಿ, ವಿಮಾನದ ದಾರಿಯ ಕೆಳಗೆ ಬೇಡ. ಮುಸ್ಕಾನ್ ಫೋನಿನಲ್ಲಿ ವಿಮಾನ ಎಲ್ಲಿದೆ ಎಂದು ತೋರಿಸುವ ಆ್ಯಪ್ ಹಾಕಿಕೊಂಡಳು. ಪ್ರತಿ ಶುಕ್ರವಾರ ವರ್ಕ್‌ಶಾಪ್ ಬಂದ್. ನಮ್ಮಲ್ಲಿ ಕೆಲಸ ಮಾಡುವವರೆಲ್ಲ ನಮಾಜಿಗೆ ಹೋಗುವವರು, ನಮ್ಮ ಮಾವನವರ ಕಾಲದಿಂದಲೂ ಅದೇ ರೂಢಿ. ಆದ್ದರಿಂದ ನಮಾಜು ಮುಗಿಸಿ, ಊಟ ಮುಗಿಸಿ, ಮೂವರೂ ಮನೆ ನೋಡಲು ಹೊರಡುವುದು. ನಮಗೆ ಅದೇ ಹಬ್ಬವಾಗಿತ್ತು.

ನಾಲ್ಕೈದು ಮನೆ ನೋಡಿ ಬಿಟ್ಟ ಮೇಲೆ ಗುರುಶಿದ್ದಪ್ಪ ನಮ್ಮನ್ನು ಹನುಮಂತಪ್ಪ ಎಂಬವರ ಮನೆಗೆ ಕರೆದುಕೊಂಡು ಹೋದ. ತಾರಿಹಾಳಕ್ಕೆ ಈ ಬದಿಯ ಹೊಸ ಬಡಾವಣೆ. ಗ್ರಾನೈಟ್ ಹಾಸಿದ ಹಾಲು, ಎರಡು ಬೆಡ್‌ರೂಮು, ಮೇಲೆ ಇನ್ನೊಂದು ಅಂತಸ್ತು ಏರಿಸಲು ಕಂಬಿ ಬಿಟ್ಟಿದ್ದರು. ಹಿತ್ತಲ ಗೋಡೆಯಾಚೆ ಶಟರ್ ಎಳೆದ ಉದ್ದನೆಯ ಶೆಡ್ಡುಗಳ ಸಾಲು.

"ಅವೇನು?" ಎಂದು ನಾನು ಕೇಳಿದೆ.

"ಗೋದಾಮು ಇರಬೇಕು ಅಕ್ಕಾರ," ಎಂದ ಗುರುಶಿದ್ದಪ್ಪ. ಅವನಿಗೂ ಗೊತ್ತಿರಲಿಲ್ಲ.

ಮುಸ್ಕಾನ್ ಫೋನು ಹಿಡಿದು ಅಂಗಳದಲ್ಲಿ ನಿಂತಳು. ಒಂದು ವಿಮಾನ ಬಂತು, ದೂರದಲ್ಲಿ ಬಗ್ಗಿ ಹೋಯಿತು, ಸದ್ದು ಸೊಳ್ಳೆಯಷ್ಟು. ಅವಳು ಒಳಗೆ ಬಂದು ಹೆಬ್ಬೆರಳು ತೋರಿಸಿದಳು. ನಮ್ಮವರು ಜೇಬಿನಿಂದ ಮಷಿನ್ ತೆಗೆದು ಎರಡೂ ಕಿವಿಗೆ ಹಾಕಿಕೊಂಡರು. ಹಾಲಿನ ನಡುವೆ ನಿಂತು ಕಣ್ಣು ಮುಚ್ಚಿದರು.

"ನಳ ಸೋರಾಕತ್ತೈತಿ," ಎಂದರು.

ನಮಗೆ ಯಾರಿಗೂ ಕೇಳಿಸಿರಲಿಲ್ಲ. ಹೋಗಿ ನೋಡಿದರೆ ಹಿಂದಿನ ಬಚ್ಚಲಲ್ಲಿ ನಳ ತೊಟ್ಟಿಕ್ಕುತ್ತಿತ್ತು. ಅವರು ಅದರ ಮುಂದೆ ನಿಂತು, ಮಗು ಗಿಲಕಿ ನೋಡುವ ಹಾಗೆ ನೋಡಿದರು. ಮನೆ ಇದೇ ಎಂದು ಆ ಕ್ಷಣಕ್ಕೆ ಮೂವರೂ ಒಪ್ಪಿಬಿಟ್ಟೆವು.

ಬೆಲೆಯ ಮಾತಿಗೆ ಕುಳಿತಾಗ ನಾನು ನನ್ನ ಹಳೆಯ ಉಪಾಯ ಮಾಡಿದೆ. ಗಂಡನಿಗೆ ಗುಟ್ಟಾಗಿ ಹೇಳುವ ಹಾಗೆ ಬಗ್ಗಿ, ಎಲ್ಲರಿಗೂ ಕೇಳುವಂತೆ ಕೂಗಿದೆ. "ಕೇಳ್ರಿಲ್ಲಿ, ನಮ್ಮ ಹತ್ರ ನಲವತ್ತರ ಮ್ಯಾಲ ಪೈಸಾ ಇಲ್ಲ. ಬೇಕಂದ್ರ ಬ್ಯಾರೆ ನೋಡೂಣು ಏಳ್ರಿ."

ಕಿವಿ ಕೇಳಿಸದವನಿಗೆ ಹೇಳಿದ ಗುಟ್ಟನ್ನು ಯಾರೂ ಸುಳ್ಳೆಂದು ತಿಳಿಯುವುದಿಲ್ಲ. ನಲವತ್ತೆಂಟು ಹೇಳಿದ್ದ ಹನುಮಂತಪ್ಪ ನಲವತ್ತೈದಕ್ಕೆ ಇಳಿದರು. ಗುರುಶಿದ್ದಪ್ಪ ಮಾತ್ರ ಹೊರಗೆ ಬಂದ ಮೇಲೆ, "ಅಕ್ಕಾರ, ನಿಮ್ಮಂಥಾ ದನಿ ನಂಗಿದ್ರ ನಾ ಇಷ್ಟೊತ್ತಿಗೆ ಎರಡು ಮನಿ ಕಟ್ಟತಿದ್ದೆ" ಎಂದು ನಕ್ಕ.

ಇನ್ನೂ ಎರಡು ಶುಕ್ರವಾರ ಹೋಗಿ ನೋಡಿದೆವು. ಸಂಜೆಯವರೆಗೂ ಕುಳಿತೆವು. ಎಲ್ಲೆಲ್ಲೂ ನಿಶ್ಶಬ್ದ. ನಮ್ಮವರು ಹಾಳೆಯ ಮೇಲೆ ಮೇಲಂತಸ್ತಿನ ನಕ್ಷೆ ಬರೆದರು. ಮೇಲಿನದನ್ನು ಬಾಡಿಗೆಗೆ ಕೊಟ್ಟರೆ ಬ್ಯಾಂಕಿನ ಕಂತು ತಾನೇ ಹೋಗುತ್ತದೆ. ಸೋಮವಾರ ಮುಂಗಡ ಕೊಡುವುದೆಂದು ಮಾತಾಯಿತು. ಆ ಶುಕ್ರವಾರ ಸಂಜೆ ನಮ್ಮವರು ಮನೆಗೆ ಬಂದವರೇ ಓಣಿಗೆಲ್ಲ ಮಿರ್ಚಿ, ಗಿರ್ಮಿಟ್ಟು ತರಿಸಿ ತಿನ್ನಿಸಿದರು. ಆಪಾ ಮೂರು ಮಿರ್ಚಿ ತಿಂದು, "ನೀವು ಹೋದ್ರ ನಮಗ ಸುದ್ದಿ ಯಾರ ಹೇಳ್ತಾರ?" ಎಂದು ಕಣ್ಣು ಒರೆಸಿಕೊಂಡರು. ಮಿರ್ಚಿಯ ಖಾರವೋ ಸಂಕಟವೋ ತಿಳಿಯಲಿಲ್ಲ.

ನನಗೆ ಮಾತ್ರ ಒಂದು ವಿಷಯ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಚುಚ್ಚುತ್ತಿತ್ತು. ಅವತ್ತು ಮನೆ ನೋಡಿ ಹೊರಬರುವಾಗ ನೆರೆಮನೆಯ ಬೀರವ್ವ ಎಂಬ ಹೆಂಗಸು ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ಮಾರು ದೂರದಲ್ಲಿ ಸೊಸೆ.

"ಏ ಶೋಭಾ, ಒಲಿ ಮ್ಯಾಲ ಹಾಲು ಐತಿ ನೋಡ," ಎಂದಳು ಬೀರವ್ವ. ಹೊಲದಾಚೆ ಇರುವವರನ್ನು ಕರೆಯುವ ದನಿ.

"ನೋಡಾಕತ್ತೇನ್ರಿ ಅತ್ತೀ," ಎಂದು ಸೊಸೆಯೂ ಅಷ್ಟೇ ಜೋರಾಗಿ.

ನಾನು ನಿಂತು ಕೇಳಿದೆ. "ಯವ್ವಾ, ನಿಮ್ಮ ಮನ್ಯಾಗ ಯಾರಿಗರ ಕಿವಿ ಮಂದ ಅದಾವೇನು?"

"ಎಲ್ಲಾರಿಗೂ ಛಲೋ ಕೇಳಸ್ತಾವ ತಂಗಿ. ಯಾಕ?" ಎಂದು ಅವಳು ನನ್ನ ಮುಖದ ಮೇಲೆಯೇ ಕೂಗಿದಳು.

ಜಗಳವಿಲ್ಲ, ಕಿವುಡಿಲ್ಲ, ಸುತ್ತ ಸದ್ದಿಲ್ಲ. ಆದರೂ ಕೂಗುತ್ತಾರೆ. ಮನುಷ್ಯರು ಸುಮ್ಮಸುಮ್ಮನೆ ಹಾಗೆ ಮಾತಾಡುವುದಿಲ್ಲ. ನನ್ನ ಗಂಟಲು ಯಾಕೆ ದೊಡ್ಡದಾಯಿತೆಂದು ನನಗೆ ಗೊತ್ತು. ಅವಳದು ಯಾಕಾಯಿತು?

ಶನಿವಾರ ಬೆಳಿಗ್ಗೆ, ವಿದ್ಯಾನಗರಕ್ಕೆ ಸೀರೆ ಕೊಡಲು ಹೋಗುತ್ತೇನೆಂದು ಹೇಳಿ ನಾನೊಬ್ಬಳೇ ಆಟೋ ಹತ್ತಿದೆ. ಬಡಾವಣೆಯ ತಿರುವಿನಲ್ಲೇ ಗೊತ್ತಾಯಿತು. ಹಿತ್ತಲಿನಾಚೆಯ ಶಟರುಗಳೆಲ್ಲ ಮೇಲೆದ್ದಿದ್ದವು. ಒಳಗೆ ಕಬ್ಬಿಣದ ಕಪಾಟು ಮಾಡುವವರು. ತಗಡಿನ ಪತ್ರಾ ಬಡಿಯುತ್ತಿದ್ದಾರೆ, ಕೊರೆಯುತ್ತಿದ್ದಾರೆ, ಉಜ್ಜುತ್ತಿದ್ದಾರೆ. ನಾನು ನಿಂತ ನೆಲ ಚಪ್ಪಲಿಯ ಕೆಳಗೆ ಜುಮ್ಮೆನ್ನುತ್ತಿತ್ತು.

ಬೀರವ್ವ ಅಂಗಳದಲ್ಲೇ ಇದ್ದಳು. ಇವತ್ತು ಅವಳ ದನಿ ಸರಿಯಾಗಿ ಅಳತೆಗೆ ಕೂತಿತ್ತು. "ಮುಂಜಾನಿಂದ ಸಂಜೀತನಕ ಹಿಂಗ ತಂಗಿ. ಶುಕ್ರವಾರ ಒಂದ ದಿನ ಅವರಿಗೆ ಸೂಟಿ, ನಮ್ಮ ಕಿವಿಗೂ ಸೂಟಿ."

ಶುಕ್ರವಾರ. ನನಗೆ ಅಲ್ಲೇ ನಗು ಬಂತು, ಅಳುವೂ ಬಂತು. ಪತ್ರಾ ಕೆಲಸದವರು ಶುಕ್ರವಾರ ಬಂದ್ ಇಡುತ್ತಾರೆಂದು ಹುಬ್ಬಳ್ಳಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಮಗೆ ಗೊತ್ತಿರಬೇಕಿತ್ತು. ನಾವೂ ಅದೇ ಕೆಲಸದವರು, ನಮ್ಮ ರಜೆಯೂ ಅದೇ. ಆಕಾಶದ ಕಡೆ ನೋಡುತ್ತ ನಿಂತವರಿಗೆ ಹಿತ್ತಲ ಗೋಡೆ ಕಾಣಲಿಲ್ಲ.

ಹನುಮಂತಪ್ಪನವರ ಬಾಗಿಲು ತಟ್ಟಿ ಕೇಳಿದೆ. ಅವರು ತಪ್ಪಿಸಿಕೊಳ್ಳಲಿಲ್ಲ. "ನೀವ ಶುಕ್ರವಾರ ಬಂದ್ರಿ ಅಕ್ಕಾರ. ನಾ ಕರದಿದ್ನೇನು? ನೀವು ವಿಮಾನ ಕೇಳಿದ್ರಿ, ವಿಮಾನ ಇಲ್ಲ ಅಂದೆ. ಪತ್ರಾ ಕೇಳಿದ್ರ ಹೇಳ್ತಿದ್ದೆ."

ಈಗ ಇದನ್ನು ಮನೆಯವರಿಗೆ ಹೇಳುವುದು ಹೇಗೆ? ಕಮರಿಪೇಟೆಯಲ್ಲಿ ಹೇಳುವುದೆಂದರೆ ಕೂಗುವುದು. ಮಿರ್ಚಿ ತಿಂದವರೆಲ್ಲ ಕೇಳುತ್ತಾರೆ. ಅದಕ್ಕೇ ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ವರ್ಕ್‌ಶಾಪಿಗೆ ಹೋಗಿ, ಅಡಿಗೆಮನೆಯ ಅಳತೆ ತೆಗೆಯಬೇಕೆಂದು ಕೈಸನ್ನೆ ಮಾಡಿ, ಸ್ಕೂಟರಿನ ಹಿಂದೆ ಕುಳಿತೆ.

ಗೇಟಿನ ಮುಂದೆ ಇಳಿದು ಅವರು ಸಂಭ್ರಮದಿಂದಲೇ ಮಷಿನ್ ಹಾಕಿಕೊಂಡರು. ಮುಖ ಸಣ್ಣದಾಯಿತು. ತೆಗೆದರು. ಮತ್ತೆ ಹಾಕಿದರು, ಮೊದಲ ಸಲ ತಪ್ಪಾಗಿ ಕೇಳಿಸಿತೋ ಎನ್ನುವ ಹಾಗೆ. ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಶೆಡ್ಡುಗಳ ಕಡೆ ತಲೆ ಓರೆ ಮಾಡಿ ಅಂದರು, "ಇಪ್ಪತ್ತೆರಡು ಗೇಜಿನ ಪತ್ರಾ. ಬಡಿಯಾಕತ್ತಾಂವ ಛಲೋ ಕೆಲಸಗಾರ."

ನಾನು ಪಕ್ಕದಲ್ಲಿ ಕುಳಿತೆ.

"ನಳದ ಸಪ್ಪಳ ಕೇಳಿದ್ನಲ್ಲ ಸುಲ್ತಾನಾ," ಎಂದರು. ಅಷ್ಟೇ. ಜೇಬಿನಲ್ಲಿದ್ದ ನಕ್ಷೆಯನ್ನು ತೆಗೆದು, ಮಡಿಕೆಯ ಮೇಲೆ ಮಡಿಕೆ ಹಾಕಿ ಸಣ್ಣದು ಮಾಡಿ ಮತ್ತೆ ಒಳಗಿಟ್ಟರು.

ತಿರುಗಿ ಹೊರಟೆವು. ಗೋಕುಲ ರಸ್ತೆಯ ದೊಡ್ಡ ಗಾಡಿಗಳ ಗದ್ದಲ ತಪ್ಪಿಸಲೆಂದು ಅವರು ಒಳದಾರಿ ಹಿಡಿದರು. ಅದು ವಿಮಾನ ನಿಲ್ದಾಣದ ಕಂಪೌಂಡಿನ ಹತ್ತಿರ ಹಾದುಹೋಗುವ ದಾರಿ. ಇಷ್ಟು ದಿನ ನಾವು ಬೇಕೆಂದೇ ಬಿಟ್ಟಿದ್ದ ಜಾಗ. ಅರ್ಧ ದಾರಿಗೆ ಬರುವಾಗ ತಲೆಯ ಮೇಲೆಯೇ ಒಂದು ವಿಮಾನ ಇಳಿಯಿತು. ಚಕ್ರಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ನಮ್ಮವರು ಸ್ಕೂಟರ್ ಬದಿಗೆ ಹಾಕಿ, ಎರಡೂ ಕಿವಿಯ ಮಷಿನ್ ಕಿತ್ತು ಕೈಯಲ್ಲಿ ಹಿಡಿದರು. ಬೇವಿನ ಗಿಡದ ಎಲೆಗಳು ನಡುಗಿದವು. ಆಮೇಲೆ ವಿಮಾನ ಗೋಡೆಯಾಚೆ ಹೋಯಿತು, ಎಲ್ಲ ತಣ್ಣಗಾಯಿತು.

ಅವರು ಮಷಿನ್ ಮತ್ತೆ ಹಾಕಿಕೊಂಡರು. ನಾನು ಯೋಚನೆಯಲ್ಲಿ ಮುಳುಗಿದ್ದವಳು, ಕೂಗುವುದನ್ನೂ ಮರೆತು, "ಹೋಗೂಣೇನ್ರಿ?" ಎಂದೆ.

"ಹೂಂ," ಎಂದರು ಅವರು.

ಸ್ಕೂಟರಿಗೆ ಕೈ ಹಚ್ಚಿದವರು ಹಾಗೆಯೇ ನಿಂತರು. ನಾನೂ ನಿಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಪರೀಕ್ಷೆ ಮಾಡಬೇಕೆಂದು ಕಂಪೌಂಡಿನ ಕಡೆ ಮುಖ ತಿರುಗಿಸಿ, ಇನ್ನೂ ಮೆಲ್ಲಗೆ, "ನಿಮ್ಮ ಅಂಗಿ ಗುಂಡಿ ಬಿಚ್ಚೈತಿ" ಎಂದೆ.

ತಿರುಗಿ ನೋಡಿದರೆ ಗುಂಡಿ ಹಾಕಿಕೊಳ್ಳುತ್ತಿದ್ದರು.

ಸುತ್ತ ನೋಡಿದೆ. ಒಂದು ಬದಿಗೆ ಕಂಪೌಂಡು, ಅದರಾಚೆ ಬರೀ ಹುಲ್ಲು. ಈ ಬದಿಗೆ ತಗ್ಗು ತಗ್ಗು ಹಳೆಯ ಮನೆಗಳು, ನುಗ್ಗೆ, ಲಿಂಬೆ ಗಿಡ. ಶೆಡ್ಡಿಲ್ಲ, ಗಿರಣಿಯಿಲ್ಲ. ನಾಲ್ಕನೆಯ ಮನೆಯ ಗೇಟಿಗೆ, ಮಳೆಗೆ ಬಣ್ಣ ಹೋದ ಬೋರ್ಡು: ಮನೆ ಮಾರುವುದಿದೆ.

"ಕೇಳೂದು ತಪ್ಪಲ್ಲ," ಎಂದೆ.

"ವಿಮಾನ?" ಎಂದರು ಅವರು.

"ಬಂತು, ಹೋತು. ಗಿರಣಿ ಯಾವಾಗರ ಹೋಗೈತೇನು?"

ಬಾಗಿಲು ತೆರೆದವರು ಅರವತ್ತು ದಾಟಿದ ಹೆಂಗಸು, ಬಿಳಿ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಎಡಿತ್ ಎಂದು ಹೆಸರು, ಮಿಷನ್ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು. ಧಾರವಾಡದಲ್ಲಿ ತಂಗಿ ಮೆರ್ಲಿನ್ ಮನೆಯ ಮಗ್ಗುಲಲ್ಲೇ ಒಂದು ಮನೆ ಸಿಕ್ಕಿದೆಯಂತೆ. ಚರ್ಚಿಗೆ ನಡೆದು ಹೋಗುವಷ್ಟು ದೂರ, ಅದಕ್ಕೇ ಇದನ್ನು ಮಾರುವುದು. ಇಷ್ಟನ್ನೂ ಅವರು ತಮ್ಮ ಮಾಮೂಲಿ ದನಿಯಲ್ಲಿ ಹೇಳಿದರು. ಬಹಳ ಸಣ್ಣ ದನಿ. ನಾನು ಟೀಚರನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದೆ. ಅವರು ತಲೆದೂಗುತ್ತಿದ್ದರು. ಒಮ್ಮೆಯೂ "ಆಂ?" ಎನ್ನಲಿಲ್ಲ.

ಬೀರವ್ವನ ದನಿಯಿಂದ ಆ ಮನೆ ಎಂಥದೆಂದು ತಿಳಿಯಿತು. ಈ ದನಿಯಿಂದ ಈ ಮನೆ ಎಂಥದೆಂದು ತಿಳಿಯಿತು.

ಬೆಲೆ ಕೇಳಿದಾಗ ಟೀಚರ್ ತಲೆಯಾಡಿಸಿದರು. "ಈಗ ಬ್ಯಾಡ್ರಿ. ಚಾ ಮಾಡ್ತೇನಿ, ಮುಂದಿನ ವಿಮಾನ ಬರೂತನಕ ಕೂಡ್ರಿ. ಅದನ್ನ ಕೇಳದ ರೇಟ್ ಮಾತಾಡಿದ್ರ ಆಮ್ಯಾಲ ನನ್ನ ಬೈತೀರಿ. ಭಾಳ ಮಂದಿ ಚಾ ಕಪ್ಪು ಅರ್ಧಕ್ಕ ಬಿಟ್ಟು ಎದ್ದು ಹೋಗ್ಯಾರ."

ನಾವು ಚಹಾ ಪೂರ್ತಿ ಕುಡಿದೆವು. ಟೀಚರ್ ಹಿತ್ತಲ ತೋರಿಸುತ್ತ, "ಈ ಬೋರಿನ ನೀರು ಬ್ಯಾಸಗ್ಯಾಗ..." ಎನ್ನುವಷ್ಟರಲ್ಲಿ ವಿಮಾನ ಬಂತು. ಅವರು ಒಂದು ಬೆರಳೆತ್ತಿ, ಬಾಯಿ ಮುಚ್ಚಿ ನಿಂತರು. ಕಪಾಟಿನಲ್ಲಿನ ಕಪ್ಪುಬಸಿಗಳು ಕಿಣಿಕಿಣಿ ಎಂದವು. ಸದ್ದು ಹೋದ ಮೇಲೆ ಬೆರಳಿಳಿಸಿ, "...ಸ್ವಲ್ಪ ಕಮ್ಮಿ ಆಗ್ತೈತಿ, ಆದ್ರ ನಿಲ್ಲೂದಿಲ್ಲ" ಎಂದು ವಾಕ್ಯ ಮುಗಿಸಿದರು.

ನಮ್ಮವರು ಮೊದಲ ಸಲ ನಕ್ಕರು. "ವಿಮಾನ ಬಂದಾಗ ಎಲ್ಲಾರೂ ನನ್ನ ಹಂಗ ಆಗ್ತೀರಿ. ನಂಗೇನು ನಷ್ಟ ಇಲ್ಲ ಬಿಡ್ರಿ."

"ಮತ್ತ ಉಳದ ಹೊತ್ತಿನಾಗ ಇಷ್ಟು ತಣ್ಣಗ ಹೆಂಗ, ಟೀಚರ?" ಎಂದು ನಾನು ಕೇಳಿದೆ.

"ಎತ್ತರದ್ದು ಕಟ್ಟಾಕ ಬರೂದಿಲ್ಲ. ಕಲ್ಯಾಣಮಂಟಪ ಕಟ್ಟಿದ್ರ ಇಲ್ಲಿ ಯಾರು ಮದವಿ ಇಟ್ಕೋತಾರ? ವಿಮಾನಕ್ಕ ಅಂಜಿ ಉಳದ ಸಪ್ಪಳ ಎಲ್ಲಾ ಓಡಿಹೋಗ್ಯಾವ್ರಿ," ಎಂದರು ಟೀಚರ್. ಆಮೇಲೆ ತಾವಾಗಿಯೇ, "ನೀವೂ ಮ್ಯಾಲ ಕಟ್ಟಾಕ ಬರೂದಿಲ್ಲ. ವಿಮಾನದವರ ಒಪ್ಪಿಗಿ ಬೇಕು, ಸಿಗೂದು ಕಠಿಣ. ಇದನ್ನೂ ಮೊದಲ ಹೇಳ್ತೇನಿ" ಎಂದರು.

ನಮ್ಮವರ ಕೈ ಜೇಬಿನ ಮೇಲೆ ಹೋಯಿತು. ನಕ್ಷೆ ಅಲ್ಲಿತ್ತು. ಮೇಲಂತಸ್ತು ಇಲ್ಲವೆಂದರೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲವೆಂದರೆ ಕಂತು ಕಟ್ಟಲು ಪ್ರೆಸ್ಸು ಇನ್ನೂ ಕೆಲವು ವರ್ಷ ಓಡಬೇಕು. ಅದು ಅವರು ತೀರ್ಮಾನಿಸಬೇಕಾದ ಮಾತು.

ಒಮ್ಮೆ ಮೋಸ ಹೋದ ಮೇಲೆ ನಾನು ಸುಮ್ಮನೆ ನಂಬುವವಳಲ್ಲ. ಅದೂ ಭಾನುವಾರ, ರಜೆಯ ದಿನ. ಮರುದಿನದಿಂದ ಸೀರೆಗಳ ಗಂಟು ಕಟ್ಟಿಕೊಂಡು ದಿನವೂ ಟೀಚರ್ ಮನೆಯ ಪಡಸಾಲೆಗೆ ಬಂದು ಫಾಲ್ ಹಚ್ಚುತ್ತ ಕುಳಿತೆ. ಸೋಮವಾರ ಬಂದೆ, ಮಂಗಳವಾರ ಬಂದೆ, ಒಂದು ವಾರ ಒಂದು ದಿನವೂ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿದೆ. ನಾಲ್ಕನೆಯ ದಿನ ಟೀಚರ್ ತಮ್ಮದೂ ಎರಡು ಸೀರೆ ತಂದು ಮುಂದಿಟ್ಟರು.

"ನೀವು ಮನಿ ತಗೋಳಾಕ ಬಂದೀರೋ, ಸಂಸಾರ ಹೂಡಾಕ ಬಂದೀರೋ?"

"ಸಂಸಾರ ಹೂಡಿ ನೋಡಿ ಆಮ್ಯಾಲ ತಗೋಳ್ತೇನ್ರಿ ಟೀಚರ. ನಮ್ಮದು ಸುಟ್ಟ ಕೈ."

ಮುಸ್ಕಾನ್ ರಾತ್ರಿಪಾಳಿ ಮುಗಿಸಿ ಒಂದು ಬೆಳಿಗ್ಗೆ ನೇರವಾಗಿ ಅಲ್ಲಿಗೇ ಬಂದಳು. ಫೋನಿನಲ್ಲಿ ವಿಮಾನ ನೋಡಿ ಲೆಕ್ಕ ಮಾಡುತ್ತೇನೆಂದು ದಿವಾನದ ಮೇಲೆ ಒರಗಿದವಳು ಮಧ್ಯಾಹ್ನಕ್ಕೇ ಎದ್ದಳು. ಎರಡು ವಿಮಾನ ಬಂದು ಹೋಗಿದ್ದವು, ಅವಳಿಗೆ ಗೊತ್ತೇ ಇಲ್ಲ. "ಆ್ಯಪ್ ಕೆಟ್ಟೈತಿ" ಎಂದು ಸಾಧಿಸಿದಳು.

ವಾರ ತುಂಬಿದ ದಿನ ಮೂವರೂ ಬೆಲೆಯ ಮಾತಿಗೆ ಕುಳಿತೆವು. ಟೀಚರ್ ನಲವತ್ತನಾಲ್ಕು ಎಂದರು. ನನ್ನ ಹಳೆಯ ಉಪಾಯ ಮಾಡಲು ಬಾಯಿ ತೆರೆದೆ. ಕೂಗಲು ಮನಸ್ಸು ಬರಲಿಲ್ಲ. ಆ ಮನೆಯಲ್ಲಿ ಕೂಗುವುದು ಯಾರದೋ ಪ್ರಾರ್ಥನೆಯ ನಡುವೆ ಹೊಕ್ಕ ಹಾಗೆ. ಗಂಡನ ಕಡೆ ಬಗ್ಗಿ, ಬಹಳ ವರ್ಷದ ಮೇಲೆ ಮೊದಲ ಸಲ, ನಿಜವಾಗಿಯೂ ಪಿಸುಗುಟ್ಟಿದೆ. "ಎರಡು ಲಕ್ಷ ಕಮ್ಮಿ ಕೇಳ್ರಿ."

ಅವರ ಮುಖ ಅರಳಿತು. ಕೇಳಿಸಿತ್ತು. ಆ ಖುಷಿಯಲ್ಲಿ ವರ್ಕ್‌ಶಾಪಿನ ದನಿಯಲ್ಲೇ ಉತ್ತರ ಬಂತು. "ಎರಡ ಯಾಕ ಸುಲ್ತಾನಾ? ಮೂರು ಕೇಳೂಣು, ಎರಡಕ್ಕ ಒಪ್ಪತಾರ."

ಮುಸ್ಕಾನ್ ಮುಖ ಮುಚ್ಚಿಕೊಂಡಳು. ನಾನು ನೆಲ ನೋಡಿದೆ. ಟೀಚರ್ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಮೊದಲಿಂದೂ ಕೇಳಸ್ತು, ಎರಡನೇದೂ ಕೇಳಸ್ತು," ಎಂದರು. "ಈ ಮನ್ಯಾಗ ಗುಟ್ಟು ಉಳಿಯೂದಿಲ್ರಿ. ಆಗಲಿ, ಎರಡು ಕಮ್ಮಿ. ನಲವತ್ತೆರಡು."

ನಮ್ಮವರು ಜೇಬಿನಿಂದ ಆ ಮಡಚಿದ ನಕ್ಷೆ ತೆಗೆದರು. ಒಂದು ಗಳಿಗೆ ನೋಡಿ, ಅಲುಗುತ್ತಿದ್ದ ಟೀಪಾಯಿಯ ಕಾಲಿನ ಕೆಳಗೆ ಇಟ್ಟರು. ಟೀಪಾಯಿ ಸರಿಯಾಗಿ ನಿಂತಿತು. "ಆತು ಟೀಚರ," ಎಂದರು.

ಕಾಗದಪತ್ರ ಮಾಡಿಸಲು ಗುರುಶಿದ್ದಪ್ಪನನ್ನೇ ಕರೆದೆವು. ಅವನಿಗೆ ಈ ಮನೆ ತಾನು ತೋರಿಸಲಿಲ್ಲವೆಂಬ ಸಂಕಟ. "ವಿಮಾನದ ಬುಡಕ ಬ್ಯಾಡ ಅಂದವರು ನೀವ," ಎಂದು ಕೊನೆಯವರೆಗೂ ಗೊಣಗಿದ. ಅರ್ಧ ದಲಾಲಿ ಕೊಟ್ಟ ಮೇಲೆ ಗೊಣಗುವುದೂ ಅರ್ಧವಾಯಿತು.

ಸಾಮಾನು ಸಾಗಿಸಿದ ಸಂಜೆ ಇಬ್ಬರೇ ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಮುಸ್ಕಾನ್ ಕೆಲಸಕ್ಕೆ ಹೋಗಿದ್ದಳು. ಎಷ್ಟೋ ದಿನದಿಂದ ಕೂಡಿಟ್ಟ ಮಾತುಗಳಲ್ಲಿ ಯಾವುದನ್ನು ಮೊದಲು ಹೇಳುವುದೆಂದು ತಿಳಿಯದೆ, ಕೊನೆಗೆ ಸುಮ್ಮನೆ, "ನೀವು ಮನ್ಯಾಗ ಇದ್ದೂ ಇಲ್ಲದಂಗ ಆಗಿತ್ರಿ. ನಂಗ ಭಾಳ ಬ್ಯಾಸರಾಗಿತ್ತು" ಎಂದೆ.

"ಇನ್ನೊಮ್ಮೆ ಹೇಳು," ಎಂದರು.

"ಕೇಳಸ್ಲಿಲ್ಲೇನು?"

"ಕೇಳಸ್ತು. ಇನ್ನೊಮ್ಮೆ ಹೇಳು."

ಹೇಳಬೇಕೆನ್ನುವಷ್ಟರಲ್ಲಿ ವಿಮಾನ ಬಂತು. ಅವರು ಟೀಚರ್ ಹಾಗೆ ಒಂದು ಬೆರಳೆತ್ತಿದರು. ಕಾದೆವು. ಅದು ಹೋಯಿತು. ಹೇಳಿದೆ.

ಕಳೆದುಕೊಂಡದ್ದು ಮೇಲಂತಸ್ತಿನ ಬಾಡಿಗೆ, ಎದುರು ಮನೆಯ ಆಪಾ, ಮತ್ತು ಒಂದು ಓಣಿಗೆ ಆಗುವಷ್ಟು ಮಿರ್ಚಿ ಗಿರ್ಮಿಟ್ಟು. ಸಿಕ್ಕಿದ್ದು ಎರಡು ಕೋಣೆಯ ಹಳೆಯ ಮನೆ. ಅದರಲ್ಲಿ ನಾನು ಮೆಲ್ಲಗೆ ಮಾತಾಡಿದರೂ ನನ್ನ ಗಂಡನಿಗೆ ಕೇಳಿಸುತ್ತದೆ.